ಟಿಕೆಟ್ಟಿಗೆ ರಿಯಾಯಿತಿ ಉಂಟು, ಮೆಟ್ಟಿಲಿಗೆ ಇಲ್ಲ!

ದಂಡಿನಿಂದ ಕೆ.ಆರ್. ಪುರದವರೆಗೆ ವಯಸ್ಸಾದವರ ಓಡಾಟದ ಪಾಡು – ಕೈ ಹಿಡಿದವರು ಕೆಲವರು, ಹಿಡಿಯಬೇಕಾದವರು ಹಲವರು

ಬಸ್ಸಿನಲ್ಲಿ ವಯಸ್ಸಾದವರಿಗೆ ಏನೂ ಅನುಕೂಲವಿಲ್ಲ ಎಂದರೆ ಸುಳ್ಳು ಹೇಳಿದಂತಾಗುತ್ತದೆ. 60 ವರ್ಷ ದಾಟಿದ ಗಂಡಸು ಗುರುತಿನ ಚೀಟಿ ತೋರಿಸಿದರೆ ಬಿ.ಎಂ.ಟಿ.ಸಿ.ಯವರು ಟಿಕೆಟ್ಟಿನಲ್ಲಿ ಕಾಲು ಭಾಗ ಬಿಡುತ್ತಾರೆ. ಹೆಂಗಸರಿಗೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಪೂರ್ತಿ ಮಾಫಿ. ಸೀಟಿನ ಮೇಲೆ ‘ಹಿರಿಯ ನಾಗರಿಕರಿಗೆ’ ಎಂದು ಬರೆದೂ ಇದೆ. ಆ ಸೀಟಿನಲ್ಲಿ ಕಾಲೇಜು ಹುಡುಗನೊಬ್ಬ ಕಿವಿಗೆ ವೈರು ಸಿಕ್ಕಿಸಿಕೊಂಡು ನಿದ್ದೆ ಹೋದವನ ಹಾಗೆ ಕೂತಿರ್ತಾನೆ, ಅದು ಬೇರೆ ಮಾತು.

ಆದರೆ ಸ್ವಾಮಿ, ಟಿಕೆಟ್ ತಗೊಳ್ಳಬೇಕಾದರೆ ಮೊದಲು ಬಸ್ ಹತ್ತಬೇಕು. ಬಸ್ ಹತ್ತಬೇಕಾದರೆ ಮೊದಲು ಸ್ಟಾಪಿಗೆ ಬರಬೇಕು. ಸ್ಟಾಪಿಗೆ ಬರಬೇಕಾದರೆ ಮನೆ ಮುಂದಿನ ಅಲ್ಲಾಡೋ ಚಪ್ಪಡಿ, ಅಡ್ಡ ನಿಲ್ಲಿಸಿದ ಸ್ಕೂಟರು, ಯಾರೋ ಅಗೆದು ಇನ್ಯಾರೋ ಮುಚ್ಚದೆ ಬಿಟ್ಟ ಗುಂಡಿ, ಇಷ್ಟನ್ನೂ ದಾಟಬೇಕು. ಈ ಎರಡು ಮೂರು ಫರ್ಲಾಂಗಿಗೆ ಇವತ್ತಿನವರೆಗೆ ಯಾವ ಸರ್ಕಾರವೂ ರಿಯಾಯಿತಿ ಕೊಟ್ಟಿಲ್ಲ. ಶಿವಾಜಿನಗರದ ಗಲ್ಲಿಯಲ್ಲಾಗಲಿ, ಇಂದಿರಾನಗರದ ದೊಡ್ಡ ಬಂಗಲೆಯಲ್ಲಾಗಲಿ, ಮುದುಕರ ಓಡಾಟ ನಿಲ್ಲೋದು ಇಲ್ಲೇ. ದುಡ್ಡಿಲ್ಲದೆ ನಿಂತವರಿಗಿಂತ ಜೊತೆಗೆ ಬರೋರಿಲ್ಲದೆ ನಿಂತವರೇ ಜಾಸ್ತಿ ಎಂಬುದು ನಮ್ಮ ಅಭಿಪ್ರಾಯ.

ಅಂಗುಲದ ಲೆಕ್ಕವನ್ನೇ ತಗೊಳ್ಳಿ. ಹೊಸ ಮಾದರಿಯ ತಗ್ಗು ನೆಲದ ಬಸ್ಸಿನ ನೆಲ ರಸ್ತೆಯಿಂದ 400 ಮಿಲಿಮೀಟರ್ ಎತ್ತರದಲ್ಲಿರುತ್ತದೆ, ಅಂದರೆ ಸುಮಾರು 16 ಅಂಗುಲ. 2023ರ ಡಿಸೆಂಬರ್ 26ರಂದು ಒಂದೇ ದಿನ ಇಂಥ 100 ಎಲೆಕ್ಟ್ರಿಕ್ ಬಸ್ಸುಗಳು ಬೆಂಗಳೂರಿನ ರಸ್ತೆಗೆ ಬಂದವು. ಸಂತೋಷವೇ. ಲಾರಿ ಚಾಸಿ ಮೇಲೆ ಕಟ್ಟಿದ ಹಳೇ ಬಸ್ಸಿನಲ್ಲಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರುತ್ತಿದ್ದವರಿಗೆ ಇದು ಎಷ್ಟೋ ವಾಸಿ. ಇನ್ನು ಫುಟ್‌ಪಾತಿನ ಅಂಚು 6 ಅಂಗುಲಕ್ಕಿಂತ ಎತ್ತರ ಇರಬಾರದು ಎಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮ ಹೇಳುತ್ತದೆ. ಈಗ ಕೂಡಿ ಕಳೆದು ನೋಡಿ. ಡ್ರೈವರು ಬಸ್ಸನ್ನು ಫುಟ್‌ಪಾತಿಗೆ ಒತ್ತಿ ನಿಲ್ಲಿಸಿದರೆ ಅಜ್ಜಿ ಕಾಲೆತ್ತಬೇಕಾದ್ದು 10 ಅಂಗುಲ. ರಸ್ತೆ ನಡುವೆ ನಿಲ್ಲಿಸಿ ‘ಬೇಗ ಬೇಗ ಹತ್ತಮ್ಮಾ’ ಅಂದರೆ ಪೂರಾ 16. ಸವೆದ ಮಂಡಿಗೆ ಈ 6 ಅಂಗುಲ ಸಣ್ಣದಲ್ಲ. ಇದಕ್ಕೆ ಬಜೆಟ್ಟೂ ಬೇಡ, ಟೆಂಡರ್ರೂ ಬೇಡ. ಡ್ರೈವರನ್ನೇ ಬಯ್ಯೋದೂ ನ್ಯಾಯವಲ್ಲ. ಸ್ಟಾಪಿನ ಬಾಯಿಗೆ ಮೂರು ಆಟೋ, ಒಂದು ತಳ್ಳೋ ಗಾಡಿ ಅಡ್ಡ ನಿಂತಿದ್ದರೆ ಅವನಾದರೂ ಬಸ್ಸನ್ನು ಎಲ್ಲಿಗೆ ಒತ್ತಾನು?

ಕಾರ್ಖಾನೆ ಬಸ್ಸಿನ ಕಾಲ

ಈ ಕಡೆಯ ವಯಸ್ಸಾದವರು ಯಾರು ಎಂದು ಸ್ವಲ್ಪ ಯೋಚನೆ ಮಾಡಿ. ಕಂತೆ ಕಂತೆ ಮಂದಿ ಕಾರ್ಖಾನೆಯವರು. 1940ರಲ್ಲಿ ಶುರುವಾದ ಎಚ್.ಎ.ಎಲ್., 1948ರಲ್ಲಿ ದೂರವಾಣಿನಗರದಲ್ಲಿ ಎದ್ದ ಐ.ಟಿ.ಐ., ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. – ಹಳೇ ಮದ್ರಾಸು ರಸ್ತೆಯೂ ವಿಮಾನ ನಿಲ್ದಾಣದ ರಸ್ತೆಯೂ ಬೆಳೆದದ್ದೇ ಈ ಕಾರ್ಖಾನೆಗಳ ಕೂಲಿಯಿಂದ. ಬೆಳಿಗ್ಗೆ ಸೈರನ್ ಕೂಗೋದರೊಳಗೆ ಬೀದಿ ಮೂಲೆಗೆ ಕಾರ್ಖಾನೆ ಬಸ್ಸು ಬರ್ತಿತ್ತು. ಟಿಫಿನ್ ಕ್ಯಾರಿಯರ್ ಹಿಡಿದು ನಿಂತಿದ್ದವರು ಹತ್ತಿದರೆ ಸಂಜೆ ಅದೇ ಮೂಲೆಯಲ್ಲಿ ಇಳಿಸಿ ಹೋಗ್ತಿತ್ತು. ಮೂವತ್ತು ವರ್ಷ ಅದೇ ಬಸ್ಸು, ಅದೇ ಸೀಟು, ಪಕ್ಕದಲ್ಲಿ ಅದೇ ಸ್ನೇಹಿತ. ಒಬ್ಬ ಎರಡು ದಿನ ಬರದಿದ್ದರೆ ಮೂರನೇ ದಿನ ಯಾರಾದರೊಬ್ಬರು ಮನೆಗೆ ಹೋಗಿ ‘ಏನಪ್ಪಾ ಸಮಾಚಾರ?’ ಅಂತ ಕೇಳ್ತಿದ್ದರು.

ರಿಟೈರಾದ ದಿನ ಹಾರ ಹಾಕಿ, ಕೈಗಡಿಯಾರ ಕೊಟ್ಟು ಮನೆಗೆ ಬಿಟ್ಟು ಬಂದರು. ಮಾರನೇ ದಿನದಿಂದ ಬಸ್ಸು ಇಲ್ಲ. ನೌಕರಿ ಹೋದದ್ದನ್ನು ಎಲ್ಲರೂ ಲೆಕ್ಕಕ್ಕೆ ಹಿಡೀತಾರೆ, ಬಸ್ಸು ಹೋದದ್ದನ್ನು ಯಾರೂ ಹಿಡಿಯೋಲ್ಲ. ಎನ್.ಜಿ.ಇ.ಎಫ್.ನವರ ಗತಿಯಂತೂ ಕೇಳೋದೇ ಬೇಡ, 2002ರಲ್ಲಿ ಕಾರ್ಖಾನೆಗೇ ಬೀಗ ಬಿತ್ತು. ಆಗ ಕಾಲು ಗಟ್ಟಿ ಇತ್ತು, ಹೇಗೋ ನಡೀತು. ಈಗ ಎಪ್ಪತ್ತು ಎಂಬತ್ತರ ಹತ್ತಿರ ಬಂದಾಗ ಆ ಮೂಲೆಗೆ ಬರುವ ಬಸ್ಸು, ಆ ‘ಏನಪ್ಪಾ ಸಮಾಚಾರ’ ಎರಡೂ ಬೇಕಾಗಿವೆ.

ಹಳಬರು ಇವತ್ತಿಗೂ ಬಿ.ಎಂ.ಟಿ.ಸಿ.ಯನ್ನು ಬಿ.ಟಿ.ಎಸ್. ಅಂತಲೇ ಕರೆಯೋದು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 98 ಬಸ್ಸು ಇಟ್ಟುಕೊಂಡು ಹೊರಟಿತು, 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡ ಮೇಲೆ ಬಿ.ಟಿ.ಎಸ್. ಆಯಿತು, 1997ರಲ್ಲಿ ಬಿ.ಎಂ.ಟಿ.ಸಿ. ಬಂತು. ಬಿ.ಟಿ.ಎಸ್. ಅಂದರೆ ‘ಬಿಟ್ರೆ ತಿರ್ಗಾ ಸಿಗೋಲ್ಲ’ ಅಂತ ಆಗ ಹುಡುಗರು ತಮಾಷೆ ಮಾಡ್ತಿದ್ದರು. ಹಾಗೆ ತಮಾಷೆ ಮಾಡಿ ಓಡೋ ಬಸ್ಸಿಗೆ ಹಾರಿದವರೇ ಈಗ ಕೋಲು ಹಿಡಿದಿದ್ದಾರೆ.

ಹಲಸೂರು, ಶಿವಾಜಿನಗರದ ಕಥೆ ಸ್ವಲ್ಪ ಬೇರೆ. ಅಲ್ಲಿ ಮನೆ ಅಂದರೆ ಅಂಗಡಿ ಮೇಲಿನ ಕೋಣೆ, ಏಣಿಯ ಹಾಗೆ ಕಡಿದಾದ ಮೆಟ್ಟಿಲು, ಆಟೋ ನುಗ್ಗಲಾರದ ಗಲ್ಲಿ. ಒಂದು ಸಲ ಮೇಲೆ ಹತ್ತಿದ ಅಜ್ಜಿ ಹಬ್ಬಕ್ಕೋ ಮದುವೆಗೋ ಬಿಟ್ಟರೆ ಕೆಳಗೆ ಇಳಿಯೋದೇ ಇಲ್ಲ. ಆದರೂ ಅಲ್ಲೊಂದು ವಾಸಿ – ಕೆಳಗಿನ ಅಂಗಡಿಯವರಿಗೆ ಮೇಲೆ ಯಾರಿದ್ದಾರೆ ಅಂತ ಗೊತ್ತಿರುತ್ತೆ. ಇಂದಿರಾನಗರದಲ್ಲಿ ಗೇಟು ದೊಡ್ಡದು, ಅಂಗಳ ದೊಡ್ಡದು, ಮಕ್ಕಳು ಅಮೆರಿಕದಲ್ಲಿ. ಪಕ್ಕದಲ್ಲಿದ್ದ ಮನೆ ಹೋಟೆಲಾಗಿದೆ, ಆಚೆ ಪಕ್ಕದ್ದು ಜವಳಿ ಅಂಗಡಿ. ಒಳಗೆ ಯಾರಿದ್ದಾರೆ ಅಂತ ವಾಚ್‌ಮನ್‌ಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ.

1,200 ರೂಪಾಯಿ ಎಲ್ಲಿಗೆ ಬಂತು?

ಆಟೋ ಮಾಡಿಕೊಂಡು ಹೋಗಬಾರದೇ ಎನ್ನುವವರಿಗೆ ಒಂದು ಲೆಕ್ಕ. 65 ದಾಟಿದ ಬಡವರಿಗೆ ರಾಜ್ಯ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿ 2021ರಲ್ಲಿ ಒಂದು ಸಾವಿರದಿಂದ 1,200 ರೂಪಾಯಿಗೆ ಏರಿತು. ಬೆಂಗಳೂರಿನ ಆಟೋ ಮೀಟರು 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಕೆ.ಆರ್. ಪುರದಿಂದ ಬೌರಿಂಗ್ ಆಸ್ಪತ್ರೆಗೆ 12 ಕಿ.ಮೀ. ಎಂದು ಇಟ್ಟುಕೊಳ್ಳಿ. ಮೀಟರಿನಂತೆ 216 ರೂಪಾಯಿ. ಹೋಗಿ ಬರೋಕೆ 432. ತಿಂಗಳಿಗೆ ಎರಡು ಸಲ ಹೋದರೆ 864. ಉಳಿದ 336 ರೂಪಾಯಿಯಲ್ಲಿ ತಿಂಗಳು ಕಳೀಬೇಕು. ಮೀಟರಿನಂತೆ ಬರೋ ಆಟೋ ಸಿಕ್ಕಿದರೆ ಈ ಲೆಕ್ಕ. ‘ಮೀಟರ್ ಮೇಲೆ ಐವತ್ತು ಕೊಡಿ’ ಅಂದರೆ ಲೆಕ್ಕವೇ ಬೇರೆ.

ಮೆಟ್ರೋ ಇದೆಯಲ್ಲ ಎನ್ನಬಹುದು. ಇದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿದಾಗ ಇಡೀ ದಕ್ಷಿಣ ಭಾರತಕ್ಕೇ ಅದು ಮೊದಲನೆಯದು. 2023ರ ಅಕ್ಟೋಬರ್‌ನಲ್ಲಿ ಅದು ಕೆ.ಆರ್. ಪುರಕ್ಕೆ ಕೂಡಿಕೊಂಡಿತು. ಲಿಫ್ಟ್ ಇದೆ, ನೆಲ ಸಮ ಇದೆ, ಒಳಗೆ ಹೋದಮೇಲೆ ಮುದುಕರಿಗೆ ಅದಕ್ಕಿಂತ ಸುಖದ ಪ್ರಯಾಣ ಇಲ್ಲ. ಆದರೆ ಆ ರೈಲು ಬೌರಿಂಗ್ ಬಾಗಿಲಿಗೆ ಬರೋಲ್ಲ, ಮನೆ ಬಾಗಿಲಿಗೂ ಬರೋಲ್ಲ. ಎರಡು ತುದಿಯಲ್ಲೂ ಮತ್ತೆ ಆಟೋ, ಮತ್ತೆ ಫುಟ್‌ಪಾತು, ಮತ್ತೆ ರಸ್ತೆ ದಾಟೋ ಕಾಟ. ಇನ್ನು ದೊಡ್ಡ ರೈಲಿನ ರಿಯಾಯಿತಿ – ಗಂಡಸರಿಗೆ ನೂರಕ್ಕೆ 40, ಹೆಂಗಸರಿಗೆ 50 ಇದ್ದದ್ದು – 2020ರ ಮಾರ್ಚ್‌ನಲ್ಲಿ ಕೊರೋನಾ ಹೆಸರಿನಲ್ಲಿ ನಿಂತದ್ದು. ಕೊರೋನಾ ಹೋಯಿತು, ರಿಯಾಯಿತಿ ವರ್ಷಗಟ್ಟಲೆ ತಿರುಗಿ ಬರಲಿಲ್ಲ.

ಹೀಗಾಗಿ ಏನಾಗುತ್ತೆ? ಯಾರೂ ಒಂದೇ ದಿನ ಆಸ್ಪತ್ರೆಗೆ ಹೋಗೋದನ್ನು ಬಿಡೋದಿಲ್ಲ. ‘ಮುಂದಿನ ವಾರ ಹೋದರಾಯ್ತು’ ಅಂತಾರೆ. ಬಿ.ಪಿ. ಮಾತ್ರೆ ಮುಗಿದಿರುತ್ತೆ, ‘ಈಗ ಚೆನ್ನಾಗೇ ಇದೀನಲ್ಲ’ ಅಂತಾರೆ. ಕಣ್ಣಿಗೆ ಪೊರೆ ಬಂದಿರುತ್ತೆ, ಮಿಂಟೋ ಆಸ್ಪತ್ರೆ ಊರಿನ ಆ ತುದಿಗೆ, ಎರಡು ಬಸ್ಸು ಬದಲಾಯಿಸಬೇಕು. ‘ಮಗ ರಜಾ ಹಾಕಿದಾಗ ನೋಡೋಣ’ ಅಂತಾರೆ. ಮಗನಿಗೆ ರಜಾ ಹಾಕಿದರೆ ಆ ದಿನದ ಸಂಬಳ ಕಟ್. ಮಗನನ್ನು ಬಯ್ಯೋದು ಸುಲಭ. ಪೀಣ್ಯದಲ್ಲಿ ಷಿಫ್ಟು ಮಾಡೋ ಮಗ ತಿಂಗಳಿಗೆ ಎಷ್ಟು ಮಂಗಳವಾರ ಬಿಟ್ಟುಕೊಡೋಕಾಗುತ್ತೆ? ಹೀಗೆ ವಾರ ತಿಂಗಳಾಗಿ, ತಿಂಗಳು ವರ್ಷವಾಗಿ, ಕೊನೆಗೆ ಒಂದು ರಾತ್ರಿ ಆಂಬುಲೆನ್ಸ್ ಬರುತ್ತೆ. ಆಗ ಮಾತ್ರ ಗಾಡಿ ಸಿಗುತ್ತೆ!

ಕಟ್ಟಡಕ್ಕೆ ಮೊದಲು ಗಾಡಿ

ಹಾಗಾದರೆ ಈ ಊರಲ್ಲಿ ಕೈ ಹಿಡಿಯೋರು ಯಾರೂ ಇಲ್ಲವೇ? ಇದ್ದಾರೆ. ಅವರಲ್ಲಿ ಮೊದಲು ಹೇಳಬೇಕಾದ್ದು ಕರುಣಾಶ್ರಯದ ಮಾತು. ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ಮಾರತ್‌ಹಳ್ಳಿ ದಾಟಿ ವರ್ತೂರಿನ ಕಡೆ ಹೋಗೋ ಬಸ್ಸಿನಲ್ಲಿ ಕೂತವರು ಅದರ ಬೋರ್ಡು ನೋಡೇ ಇರ್ತೀರಿ. ಔಷಧಿಯಿಂದ ಇನ್ನು ವಾಸಿಯಾಗದು ಎಂಬ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಜಾಗ. ದುಡ್ಡು ಕೇಳೋದಿಲ್ಲ, ಜಾತಿ ಮತ ಕೇಳೋದಿಲ್ಲ.

ಇದನ್ನು ಕಟ್ಟಿದವರು ಇಲ್ಲಿಯವರೇ. ಇಂದಿರಾನಗರದ ರೋಟರಿ ಕ್ಲಬ್ಬಿನವರೂ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯವರೂ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಮಾಡಿದರು. ಮುಂದಾಳಾಗಿ ನಿಂತವರು ಶ್ರೀ ಕಿಶೋರ್ ರಾವ್. ಅಂಗಡಿ ಇಟ್ಟವರು ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ಊರಲ್ಲಿ ಯಾವ ಸೇವಾ ಸಂಸ್ಥೆಯಾದರೂ ಮೊದಲು ಮಾಡೋದೇನು? ಸೈಟು ಕೇಳೋದು, ಶಂಕುಸ್ಥಾಪನೆ, ಮಂತ್ರಿಗಳನ್ನು ಕರೆಸಿ ಫೋಟೋ, ಆಮೇಲೆ ಹತ್ತು ವರ್ಷ ಕಂಬ ಮಾತ್ರ ನಿಂತಿರೋದು. ಇವರು ಹಾಗೆ ಮಾಡಲಿಲ್ಲ. ಒಳರೋಗಿಗಳ ಕಟ್ಟಡ ಆದದ್ದು 1999ರಲ್ಲಿ. ಮನೆಮನೆಗೆ ಹೋಗುವ ತಂಡ ಹೊರಟದ್ದು 1995ರಲ್ಲೇ. ಅಂದರೆ ಇಟ್ಟಿಗೆ ಇಡೋ ಮೊದಲೇ ಗಾಡಿ ಹೊರಟಿತ್ತು. ನರ್ಸು, ಸಮಾಧಾನ ಹೇಳಬಲ್ಲ ಕೌನ್ಸೆಲರ್, ನೋವಿನ ಮಾತ್ರೆ – ಇಷ್ಟನ್ನು ಗಾಡಿಯಲ್ಲಿ ಹೇರಿಕೊಂಡು ರೋಗಿ ಮಲಗಿದ್ದ ಕಡೆಗೇ ಹೋದರು. ಮಲಗಿದವರು ಎದ್ದು ಬರಲಿ ಅಂತ ಕಾಯಲಿಲ್ಲ. ಮನೆಗೆ ಹೋದ ನರ್ಸಿಗೆ ರೋಗಿಯ ಹಾಸಿಗೆ ಮಾತ್ರವಲ್ಲ, ಅಡಿಗೆ ಮನೆ, ಮೆಟ್ಟಿಲು, ಎರಡು ರಾತ್ರಿ ನಿದ್ದೆಗೆಟ್ಟ ಹೆಂಡತಿ ಎಲ್ಲವೂ ಕಾಣ್ತಾರೆ. ಆಸ್ಪತ್ರೆ ಚೀಟಿಯಲ್ಲಿ ಇದು ಯಾವುದೂ ಬರೆದಿರೋಲ್ಲ.

ಎರಡನೆಯದು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್. ಡಾ. ರಾಧಾ ಮೂರ್ತಿ ಹಾಗೂ ಶ್ರೀ ಪ್ರೇಮಕುಮಾರ್ ರಾಜಾ ಇವರು 1998ರಲ್ಲಿ ಶುರು ಮಾಡಿದ್ದು. 2002ರಲ್ಲಿ ನಗರ ಪೊಲೀಸರ ಜೊತೆ ಸೇರಿ 1090 ಎಂಬ ಹಿರಿಯರ ಸಹಾಯವಾಣಿ ತೆರೆದರು. ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿ ಆವರಣದಲ್ಲಿ, ಅಂದರೆ ನಮ್ಮ ದಂಡಿನ ನಟ್ಟನಡುವೆ, ಅದಕ್ಕೆ ಜಾಗ ಸಿಕ್ಕಿತು. ಮುದುಕರ ಮೇಲೆ ಕೈ ಮಾಡೋ ಮಗ, ಮನೆ ಬರೆಸಿಕೊಂಡು ಹೊರಗೆ ಹಾಕಿದ ಅಳಿಯ, ಅಡ್ವಾನ್ಸ್ ವಾಪಸು ಕೊಡದ ಮನೆ ಮಾಲೀಕ – ಇಂಥ ತಕರಾರಿಗೆ ಠಾಣೆ ಮೆಟ್ಟಿಲು ಹತ್ತೋಕೆ ಹೆದರೋರು ಫೋನ್ ಮಾಡಬಹುದಾದ ಜಾಗ. ಅದೇ ಟ್ರಸ್ಟು 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗೆ ಒಂದು ಕೇಂದ್ರ ತೆರೆಯಿತು. ಹಿಂದೆ ‘ಅಜ್ಜನಿಗೆ ಅರಳುಮರಳು’ ಅಂತ ಹೇಳಿ ಬಿಟ್ಟುಬಿಡ್ತಿದ್ದೆವು. ಅದು ಕಾಯಿಲೆ, ಅದಕ್ಕೆ ಆರೈಕೆಯ ಕ್ರಮ ಇದೆ ಅಂತ ಈ ಭಾಗದ ಎಷ್ಟೋ ಮನೆಗಳಿಗೆ ಗೊತ್ತಾದದ್ದು ಅಲ್ಲಿಂದಲೇ.

ಲಿಂಗರಾಜಪುರದ ಅಂಗವಿಕಲರ ಸಂಘ, ಎಲ್ಲರೂ ಎ.ಪಿ.ಡಿ. ಎನ್ನುವುದು, ಇನ್ನೂ ಹಳೆಯದು. ಶ್ರೀಮತಿ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ್ದು. ಜೀವನ್‌ಬಿಮಾನಗರದಲ್ಲಿ ಅವರ ತೋಟಗಾರಿಕೆ ಕೇಂದ್ರದ ಮುಂದೆ ಗಿಡ ಕೊಳ್ಳೋಕೆ ನಿಂತವರಿಗೆ ಆ ಗಿಡ ಬೆಳೆಸಿದವರು ಯಾರು ಅಂತ ಗೊತ್ತಿರಬಹುದು, ಇಲ್ಲದೆಯೂ ಇರಬಹುದು.

ಇನ್ನು ಹೊಸೂರು ರಸ್ತೆಯ ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್. 1900ರಿಂದ ಬಡ ಮುದುಕರನ್ನು ಸಾಕಿಕೊಂಡು ಬಂದಿರುವ ಕನ್ಯಾಸ್ತ್ರೀಯರು. ಅವರ ಮಠದ ಸಂಪ್ರದಾಯವೇ ಕೈ ಚಾಚಿ ಕೇಳೋದು. 1839ರಲ್ಲಿ ಫ್ರಾನ್ಸ್ ದೇಶದಲ್ಲಿ ಜಾನ್ ಜುಗಾನ್ ಎಂಬ ಹೆಂಗಸು ಕುರುಡು ಮುದುಕಿಯೊಬ್ಬಳನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡು ಶುರು ಮಾಡಿದಾಗಿನಿಂದ ಬುಟ್ಟಿ ಹಿಡಿದು ಮಾರುಕಟ್ಟೆಗೆ ಹೋಗಿ ಅಂಗಡಿಯವರನ್ನು ಕೇಳುವುದೇ ಅವರ ಪದ್ಧತಿ. ಒಂದು ಹಿಡಿ ಈರುಳ್ಳಿ, ಒಂದು ತಕ್ಕಡಿ ಆಲೂಗಡ್ಡೆ, ಕೊಟ್ಟದ್ದು. ಇದು ಒಂದು ರೀತಿಯಲ್ಲಿ ನಮ್ಮ ಊರಿನ ಮಧುಕರಿ ಇದ್ದ ಹಾಗೇ. ರಸೀದಿ ಹರಿದುಕೊಡೋ ದಾನಕ್ಕಿಂತ ಅಂಗಡಿ ಮುಂದೆ ಬಂದು ನಿಂತು ಕೇಳೋ ದಾನದಲ್ಲಿ ಒಂದು ಲಾಭ ಉಂಟು – ಕೊಟ್ಟವನಿಗೆ ಅದು ಯಾರ ಹೊಟ್ಟೆಗೆ ಹೋಗುತ್ತೆ ಅಂತ ಗೊತ್ತಿರುತ್ತೆ.

ಇಷ್ಟೆಲ್ಲ ಇದ್ದೂ ಒಂದು ತೂತು ಉಳಿದಿದೆ. ಹಾಸಿಗೆ ಹಿಡಿದವರಿಗೆ ದಾರಿ ಇದೆ, ಮನೆಯೇ ಇಲ್ಲದವರಿಗೆ ಜಾಗ ಇದೆ, ಹೊಡೆತ ತಿಂದವರಿಗೆ ಫೋನ್ ನಂಬರ್ ಇದೆ. ಆದರೆ ಇನ್ನೂ ನಡೆದಾಡುವ, ಮನೆಯಲ್ಲೇ ಇರುವ, ಯಾರ ಮೇಲೂ ದೂರಿಲ್ಲದ, ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಹೋಗಬೇಕಾದ ಸಾಮಾನ್ಯ ಮುದುಕನಿಗೆ? ಅವನೇ ಎಲ್ಲರಿಗಿಂತ ಹೆಚ್ಚು ಇರೋದು. ಅವನನ್ನು ಕರಕೊಂಡು ಹೋಗಿ ಕರಕೊಂಡು ಬರೋದು ಯಾವ ಇಲಾಖೆಯ ಕೆಲಸವೂ ಅಲ್ಲ.

ಬೇರೆ ಕಡೆ ಏನು ಮಾಡಿದರು?

2013ರಲ್ಲಿ ಬೆಂಗಳೂರಲ್ಲೇ ಕಿಕ್‌ಸ್ಟಾರ್ಟ್ ಕ್ಯಾಬ್ಸ್ ಎಂದು ಒಂದು ಸಂಸ್ಥೆ ಹುಟ್ಟಿತು. ಕಾರಿನ ಸೀಟೇ ಹೊರಕ್ಕೆ ತಿರುಗುವಂತೆ ಮಾಡಿ, ಗಾಲಿಕುರ್ಚಿ ಸಮೇತ ಹತ್ತುವ ಗಾಡಿ ಇಟ್ಟು, ಅಂಗವಿಕಲರಿಗೂ ವಯಸ್ಸಾದವರಿಗೂ ಬಾಡಿಗೆ ಓಡಿಸಿದರು. ಒಳ್ಳೇ ಕೆಲಸ. ಆದರೆ ಬಾಡಿಗೆ ಬಾಡಿಗೆಯೇ, 1,200 ರೂಪಾಯಿ ಪಿಂಚಣಿಯವರಿಗೆ ಅದು ನಿಲುಕೋಲ್ಲ.

ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ ಕ್ಯಾಥರೀನ್ ಫ್ರಾಯಂಡ್ ಎಂಬಾಕೆ ಮಾಡಿದ್ದು ಕೇಳಿ. 1988ರಲ್ಲಿ ಆಕೆಯ ಪುಟ್ಟ ಮಗನಿಗೆ ಒಂದು ಕಾರು ಗುದ್ದಿತು. ಓಡಿಸುತ್ತಿದ್ದವನಿಗೆ 84 ವರ್ಷ. ಮಗು ಬದುಕಿತು. ತಾಯಿ ಆ ಮುದುಕನ ಮೇಲೆ ಹಗೆ ಇಟ್ಟುಕೊಳ್ಳಲಿಲ್ಲ; ಆ ವಯಸ್ಸಿನಲ್ಲೂ ಅವನು ಕಾರು ಓಡಿಸಬೇಕಾಗಿ ಬಂದದ್ದು ಯಾಕೆ ಅಂತ ಯೋಚಿಸಿದಳು. 1995ರಲ್ಲಿ ಮುದುಕರನ್ನು ಮನೆಯಿಂದ ಕರಕೊಂಡು ಹೋಗಿ ಬಿಡೋ ಒಂದು ಸಂಸ್ಥೆಯನ್ನೇ ಕಟ್ಟಿದಳು. ಅದರ ಯುಕ್ತಿ ನಮ್ಮ ಚೀಟಿ ಹಾಕೋರಿಗೆ ತಕ್ಷಣ ಅರ್ಥವಾಗೋದು. ಕೈಕಾಲು ಗಟ್ಟಿ ಇರುವವನು ಇವತ್ತು ಇನ್ನೊಬ್ಬರನ್ನು ಕಾರಿನಲ್ಲಿ ಬಿಟ್ಟು ಬಂದರೆ ಅವನ ಖಾತೆಗೆ ಜಮಾ. ನಾಳೆ ಅವನಿಗೇ ವಯಸ್ಸಾದಾಗ ಆ ಜಮೆಯಿಂದ ಓಡಾಡಬಹುದು. ಇನ್ನೂ ಒಂದು – ಗಿರಾಕಿಯನ್ನು ಅಂಗಡಿವರೆಗೆ ತಂದು ಬಿಟ್ಟರೆ ಅಂಗಡಿಯವನು ಗಾಡಿ ಖರ್ಚಿನಲ್ಲಿ ಒಂದು ಪಾಲು ಕೊಡೋದು. ಅಂಗಡಿಯವನಿಗೂ ವ್ಯಾಪಾರ, ಮುದುಕಿಗೂ ಪೇಟೆ ನೋಡಿದ ಸಂತೋಷ.

ಅಮೆರಿಕದ ಮಾತು ಬೇಡ ಎಂದರೆ ಪಕ್ಕದ ಕೋಳಿಕ್ಕೋಡು ಇದೆ. ಅಲ್ಲಿ 1993ರಲ್ಲಿ ಡಾ. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ನೋವಿನ ಉಪಶಮನಕ್ಕೆ ಒಂದು ಸೊಸೈಟಿ ಮಾಡಿದರು. ಡಾಕ್ಟರರಿಂದಲೇ ಇದೆಲ್ಲ ಆಗೋದಿಲ್ಲ ಅಂತ ಬೇಗ ಗೊತ್ತಾಯ್ತು. ಊರೂರಲ್ಲಿ, ಬೀದಿ ಬೀದಿಯಲ್ಲಿ ಸಾಮಾನ್ಯ ಜನಕ್ಕೇ ತರಬೇತಿ ಕೊಟ್ಟರು. ಮೇಷ್ಟ್ರು, ಅಂಗಡಿಯವರು, ವಿದ್ಯಾರ್ಥಿಗಳು, ವಾರಕ್ಕೆ ಒಂದೆರಡು ಗಂಟೆ. ದುಡ್ಡು ಬಂದದ್ದು ದೊಡ್ಡ ಚೆಕ್ಕಿನಿಂದಲ್ಲ. ಜನ ಕೊಟ್ಟ ಚಿಲ್ಲರೆಯಿಂದ, ಅಂಗಡಿಗಳಲ್ಲಿ ಇಟ್ಟ ಡಬ್ಬಿಗಳಿಂದ. 2008ರಲ್ಲಿ ಕೇರಳ ಸರ್ಕಾರವೇ ಇದಕ್ಕೆ ಒಂದು ನೀತಿ ಮಾಡಬೇಕಾಗಿ ಬಂತು. ಜನ ಮುಂದೆ ಹೋದರು, ಸರ್ಕಾರ ಹಿಂದೆ ಬಂತು.

ಅಂಗಡಿಯವರಿಗೆ ಒಂದು ಮಾತು

ಸಂಘ ಕಟ್ಟಿ, ರಿಜಿಸ್ಟರ್ ಮಾಡಿಸಿ ಅಂತ ನಾವು ಹೇಳ್ತಿಲ್ಲ. ಅದಕ್ಕೆ ಮೊದಲು ಆಗೋ ಕೆಲಸ ಬೇಕಾದಷ್ಟಿದೆ. ಬಸ್ ಸ್ಟಾಪಿನ ಎದುರು ಅಂಗಡಿ ಇರೋರು ಒಂದು ಸ್ಟೂಲು ಹೊರಗೆ ಹಾಕಿ. ಗಿರಾಕಿಗೆ ಹಾಕೋದಿಲ್ಲವೇ? ಬಸ್ಸು ಬರೋವರೆಗೆ ಇಪ್ಪತ್ತು ನಿಮಿಷ ನಿಂತಿರಲಾರದವರು ಮನೆಯಿಂದಲೇ ಹೊರಡೋದಿಲ್ಲ. ಕೂರೋ ಜಾಗ ಇದೆ ಅಂತ ಗೊತ್ತಿದ್ದರೆ ಹೊರಡ್ತಾರೆ. ತಿಂಗಳ ಸಾಮಾನಿನ ಚೀಟಿ ಬರೋ ಮನೆಗಳಲ್ಲಿ ಒಂಟಿ ಮುದುಕರು ಯಾರು ಅಂತ ಕಿರಾಣಿ ಅಂಗಡಿಯವರಿಗೆ ಗೊತ್ತಿರೋ ಹಾಗೆ ಕಾರ್ಪೊರೇಷನ್ನಿಗೂ ಗೊತ್ತಿರೋಲ್ಲ. ಹಾಲಿನ ಪ್ಯಾಕೆಟ್ಟು ಎರಡು ದಿನ ಬಾಗಿಲಲ್ಲೇ ಉಳಿದರೆ ಮೊದಲು ನೋಡೋನು ಹಾಲಿನ ಹುಡುಗ. ಔಷಧಿ ಅಂಗಡಿಯವರಿಗೆ ಯಾರ ಬಿ.ಪಿ. ಮಾತ್ರೆ ಯಾವತ್ತಿಗೆ ಮುಗಿಯುತ್ತೆ ಅಂತ ಗೊತ್ತು. ಒಂದು ಫೋನ್ ಸಾಕು, ‘ಅಂಕಲ್, ಮಾತ್ರೆ ತಗೊಂಡು ಹೋಗ್ಲಿಲ್ವಲ್ಲ?’

ದಿನಾ ಬಸ್ಸಿನಲ್ಲಿ ಹೋಗೋರು ಇನ್ನೂ ಹೆಚ್ಚು ಮಾಡಬಹುದು. ನೀವು ಹೇಗೂ ಬೆಳಿಗ್ಗೆ ಎಂಟರ ಬಸ್ಸಿಗೆ ಕೆ.ಆರ್. ಪುರದಿಂದ ಶಿವಾಜಿನಗರಕ್ಕೆ ಹೋಗ್ತೀರಿ. ಅದೇ ಬೀದಿಯ ಒಬ್ಬರಿಗೆ ಅದೇ ದಿನ ಬೌರಿಂಗ್‌ಗೆ ಹೋಗೋದಿದ್ದರೆ ನಿಮ್ಮ ಜೊತೆಯಲ್ಲೇ ಹತ್ತಿಸಿಕೊಳ್ಳಿ. ಮೆಟ್ಟಿಲಲ್ಲಿ ಅವರ ತೋಳು ಹಿಡಿದು ಎಳೀಬೇಡಿ. ನಿಮ್ಮ ಮೊಣಕೈಯನ್ನು ಅವರು ಹಿಡಿಯಲಿ, ಆಗ ಎಷ್ಟು ಭಾರ ಬಿಡಬೇಕು ಅಂತ ಅವರಿಗೇ ಗೊತ್ತಾಗುತ್ತೆ. ಹತ್ತುವಾಗ ನೀವು ಹಿಂದೆ, ಇಳಿಯುವಾಗ ನೀವು ಮುಂದೆ. ಹಳೇ ಚೀಟಿ, ಎಕ್ಸ್‌ರೇ, ಆಧಾರ್ ಎಲ್ಲ ಒಂದೇ ಚೀಲದಲ್ಲಿ ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ, ಓ.ಪಿ.ಡಿ. ಕಿಟಕಿ ಮುಂದೆ ನಿಂತ ಮೇಲೆ ‘ಚೀಟಿ ಮನೇಲಿ ಬಿಟ್ಟೆ’ ಅಂದರೆ ಆ ದಿನ ಹೋಯಿತು. ಡಾಕ್ಟರು ಹೇಳಿದ್ದನ್ನು ಬರೆದುಕೊಳ್ಳಿ. ವಾಪಸು ಬರೋ ಹೊತ್ತಿಗೆ ಯಾರು ಸಿಗ್ತಾರೆ ಅಂತ ಹೋಗೋ ಮೊದಲೇ ಗೊತ್ತು ಮಾಡಿಕೊಳ್ಳಿ. ಹೋಗೋಕೆ ಎಲ್ಲರೂ ಸಿಗ್ತಾರೆ, ಬರೋಕೆ ಯಾರೂ ಸಿಗೋಲ್ಲ.

ಕಾರಿರುವವರು ಕಾರಿನಲ್ಲೇ ಬಿಡಬಹುದು. ಒಂದು ಎಚ್ಚರಿಕೆ – ಬಿಳಿ ನಂಬರ್ ಪ್ಲೇಟಿನ ಸ್ವಂತ ಕಾರಿನಲ್ಲಿ ಕರಕೊಂಡು ಹೋಗಿ ಬಾಡಿಗೆ ಈಸಿಕೊಂಡರೆ 1988ರ ಮೋಟಾರು ವಾಹನ ಕಾಯಿದೆ ಪ್ರಕಾರ ಪರ್ಮಿಟ್ ಬೇಕಾಗುತ್ತೆ. ಪುಕ್ಕಟೆಯಾಗಿ ಕರಕೊಂಡು ಹೋದರೆ ಯಾರ ಅಪ್ಪಣೆಯೂ ಬೇಡ. ಕಾಫಿ ಕೊಟ್ಟರೆ ಕುಡಿಯಬಹುದು.

ಪಿಂಚಣಿದಾರರಿಗೆ ಇನ್ನೊಂದು. ನವೆಂಬರ್ ಬಂತೆಂದರೆ ‘ಬದುಕಿದ್ದೀನಿ’ ಅಂತ ತೋರಿಸೋಕೆ ಬ್ಯಾಂಕಿನ ಮೆಟ್ಟಿಲು ಹತ್ತಿ ಸಾಯೋ ಹಾಗಾಗುತ್ತಿತ್ತು. 2020ರಿಂದ ಅಂಚೆ ಪೇದೆಯೇ ಮನೆಗೆ ಬಂದು ಬೆರಳೊತ್ತಿಸಿಕೊಂಡು ಜೀವನ ಪ್ರಮಾಣ ಪತ್ರ ಮಾಡಿಕೊಡ್ತಾನೆ, ಖರ್ಚು 70 ರೂಪಾಯಿ. ಹತ್ತಿರದ ಅಂಚೆ ಕಚೇರಿಯಲ್ಲಿ ಹೇಳಿಟ್ಟರೆ ಸಾಕು. ಈ ವಿಷಯ ಗೊತ್ತಿಲ್ಲದೆ ಆಟೋ ಮಾಡಿಕೊಂಡು ಹೋಗೋರು ಇವತ್ತಿಗೂ ಇದ್ದಾರೆ. ಗೊತ್ತಿರೋರು ಹೇಳಿ.

ನಂಬರುಗಳು ಎರಡೇ. ಬೆಂಗಳೂರು ಹಿರಿಯರ ಸಹಾಯವಾಣಿ 1090. ಇಡೀ ದೇಶಕ್ಕೆ 2021ರಲ್ಲಿ ಬಂದ ಎಲ್ಡರ್‌ಲೈನ್ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಫೋನಿಗೆ ದುಡ್ಡಿಲ್ಲ. ಎರಡನ್ನೂ ಒಂದು ರಟ್ಟಿನ ಮೇಲೆ ಬರೆದು ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆ ಪಕ್ಕಕ್ಕೆ ತೂಗುಹಾಕಿ. ಅಕ್ಷರ ದಪ್ಪಗಿರಲಿ. ಓದಬೇಕಾದವರು ಕನ್ನಡಕ ಮನೆಯಲ್ಲೇ ಮರೆತು ಬಂದಿರ್ತಾರೆ.